ಮೀಟರಿಗೆ ಇಷ್ಟು

ಬಾರ್ಮೆನ್ನಿನಲ್ಲಿ ನದಿಯ ಬಣ್ಣ ನೋಡಿದರೆ ಸಾಕು,
ಕಾರ್ಖಾನೆಯಲ್ಲಿ ಇವತ್ತು ಏನು ಅದ್ದಿದ್ದಾರೆಂದು ಗೊತ್ತಾಗುತ್ತಿತ್ತು.
ಸೋಮವಾರ ವುಪ್ಪರ್ ಕೆಂಪು. ಬುಧವಾರ ಹಸಿರು.
ಮೀನು ಯಾವ ವಾರವೂ ಇರಲಿಲ್ಲ.

ಅಮ್ಮನ ಯಂತ್ರದಲ್ಲಿ ಹದಿನಾರು ಕದಿರು,
ಜಡೆಕೋಲಾಟದ ಹುಡುಗಿಯರ ಹಾಗೆ
ಒಂದರ ಬೆನ್ನ ಹಿಂದೆ ಒಂದು ನುಸುಳಿ, ಸುತ್ತಿ,
ನಡುವಿನಿಂದ ಹುರಿ ಮೇಲೇಳುತ್ತಿತ್ತು, ನಿಧಾನ,
ಹುತ್ತದಿಂದ ಹಾವು ತಲೆಯೆತ್ತಿದಂತೆ.

ಅವಳ ಕಿವಿ ಆಗಲೇ ಅರ್ಧ ಹೋಗಿತ್ತು.
ಯಾವ ಹುರಿ ಯಾವ ಹುದ್ದೆಗೆ ಎಂದು ಕೇಳಿದರೆ
ತುಟಿ ಓದಿ, ಕೂಲಿಯ ಲೆಕ್ಕ ಹೇಳುತ್ತಿದ್ದಳು:
ಕೆಂಪು-ಬಿಳಿ, ಎರಡು ಬಣ್ಣ, ಮೀಟರಿಗೆ ಅರ್ಧ ಫೆನ್ನಿಂಗ್ ಹೆಚ್ಚು.
ಬರೀ ಹಸಿರು, ಕಡಿಮೆ.

ಹಿಟ್ಲರನ ಹುಡುಗರ ಪಡೆಯಲ್ಲಿ ಲೆಕ್ಕವೇ ತಿರುಗಾಮುರುಗಾ.
ಕೆಂಪು-ಬಿಳಿ ತೊಟ್ಟವನು ಹತ್ತು ಹುಡುಗರಿಗೆ ಒಡೆಯ,
ಹಸಿರು ತೊಟ್ಟವನು ಅಂಥ ಮೂರು ಒಡೆಯರಿಗೆ.
ಹಸಿರು-ಬಿಳಿಯವನು ನಮ್ಮ ಬೀದಿಗೇ ಬರುತ್ತಿರಲಿಲ್ಲ,
ಅವರಪ್ಪನಿಗೆ ಔಷಧದಂಗಡಿ ಇತ್ತು.

ಅಣ್ಣ ಫ್ರೀಡ್‌ಹೆಲ್ಮನಿಗೆ ಹದಿಮೂರಕ್ಕೆ ಕೆಂಪು-ಬಿಳಿ ಬಂತು.
ಕಂದು ಅಂಗಿಯ ಗುಂಡಿಯಿಂದ ಎಡ ಜೇಬಿಗೆ
ಜೋತುಬಿದ್ದ ಒಂದು ಗೇಣು ಹುರಿ.
ಅಮ್ಮ ಹೆಬ್ಬೆರಳಿನಲ್ಲಿ ಉಜ್ಜಿ ನೋಡಿದಳು.
"ನಮ್ಮ ಯಂತ್ರದ್ದಲ್ಲ. ಹೆಣಿಗೆ ಸಡಿಲ."
ಅಷ್ಟೇ ಅಂದದ್ದು.

ಊರೆಲ್ಲ ಅದನ್ನು ಕೋತಿಯ ಉಯ್ಯಾಲೆ ಅನ್ನುತ್ತಿತ್ತು,
ಬಾಗಿಲು ಹಾಕಿಕೊಂಡು.
ಲುಡ್ಗರ್ ಮಾತ್ರ ಬೇಕರಿಯ ಸಾಲಿನಲ್ಲಿ ನನ್ನ ಕಿವಿಗೆ ಬಂದ.
ಅವನಿಗೆ ತೊದಲು.
ಕೋ, ಕೋ, ಕೋ ಎಂದು ಅಷ್ಟು ಹೊತ್ತು ಒದ್ದಾಡಿ
ಕೊನೆಗೆ ಕೋತಿ ಹೊರಗೆ ಹಾರಿದಾಗ
ಇಬ್ಬರೂ ನಕ್ಕೆವು, ಕೈಯ ಬ್ರೆಡ್ಡು ಬೀಳುವಷ್ಟು.

ಮರುದಿನ ಕವಾಯತು. ಬುಧವಾರ. ನದಿ ಹಸಿರು.
ತುರಿಕೆ ಗಿಡದ ಪೊದೆಯಲ್ಲಿ ಅವನನ್ನು
ಮೊಣಕೈ ಮೇಲೆ ತೆವಳಿಸಿದರಂತೆ, ಆ ತುದಿಗೆ, ಈ ತುದಿಗೆ,
ಆ ಮಾತನ್ನು ತೊದಲದೆ ಹೇಳುವ ತನಕ.

ಆಮೇಲೆ ಮೇ ತಿಂಗಳ ಒಂದು ರಾತ್ರಿ ಊರು ಉರಿಯಿತು.
ಡಾಂಬರು ಕರಗಿ ಬೂಟು ಕಚ್ಚಿಕೊಂಡಿತು.
ಹದಿನಾರು ಕದಿರೂ ಕೂಡಿ ಒಂದೇ ಗಟ್ಟಿ.
ನಾವು ಉಳಿದೆವು. ಯಾಕೆಂದು ಗೊತ್ತಿಲ್ಲ.

ಅಮೆರಿಕನ್ನರ ಟ್ರಕ್ಕು ಬರುವ ಹಿಂದಿನ ಸಂಜೆ
ಅಮ್ಮ ಅಂಗಿತೋಳಿನ ತ್ರಿಕೋನ ಬಿಚ್ಚಿದಳು, ಹೊಲಿಗೆ ಹೊಲಿಗೆಯಾಗಿ;
ದಾರ ಹರಿಯಬಾರದು, ನಾಳೆಗೆ ಬೇಕು.
ಆಕ್ರೋಟಿನ ಒಣ ಸಿಪ್ಪೆಯಲ್ಲಿ ಅಂಗಿ ಕುದಿಸಿ ನನಗೆ ಕೊಟ್ಟಳು.
ಬಿಸಿಲೇ ಕಾಣದ ಆ ಮೂರು ಮೂಲೆ
ಬಣ್ಣವನ್ನು ಹೆಚ್ಚು ಕುಡಿದಿತ್ತು.
ಎರಡು ಚಳಿಗಾಲ ಶಾಲೆಯಲ್ಲಿ ಎಡದೋಳು ಮುಚ್ಚಿ ಕೂತೆ.
ಮೇಷ್ಟ್ರ ಕೋಟಿನ ಕಾಲರಿನಲ್ಲೂ ದುಂಡಗೆ ಒಂದು ಕಪ್ಪು.
ನಾನು ಅವರ ಕಾಲರು ನೋಡಲಿಲ್ಲ, ಅವರು ನನ್ನ ತೋಳು ನೋಡಲಿಲ್ಲ.
ಭಾಗಾಕಾರ ಕಲಿತೆವು.

ಫ್ರೀಡ್‌ಹೆಲ್ಮ ಹೋಗಿ ಮೂರು ವರ್ಷ.
ಕೊನೆಯ ವಾರ ಆಸ್ಪತ್ರೆಯ ಹಾಸಿಗೆಯಲ್ಲಿ
ಬಲಗೈ ಗುಂಡಿಯಿಂದ ಎಡ ಎದೆಗೆ, ಮತ್ತೆ ಗುಂಡಿಗೆ, ತಡಕುತ್ತಿತ್ತು.
ನರ್ಸು ಎದೆನೋವೆಂದು ಮಾತ್ರೆ ಕೊಟ್ಟಳು.

ಲುಡ್ಗರ್ ಕಬ್ಬಿಣದಂಗಡಿ ಇಟ್ಟಿದ್ದಾನೆ.
ನನಗೆ ಮೊಳೆ ತೂಗುವಾಗ ಎರಡು ಹೆಚ್ಚೇ ಹಾಕುತ್ತಾನೆ.
ಯಾರು ಹೇಳಿದ್ದು ಎಂದು ಇವತ್ತಿನವರೆಗೂ ಕೇಳಿಲ್ಲ.

ಹೇಳಿದ್ದಕ್ಕೆ ನನಗೆ ಸಿಕ್ಕ ಕೂಲಿ:
ಒಂದು ರಾತ್ರಿಯೂಟ ಮುಗಿಯುವ ತನಕ
ಆ ಹುರಿ, ನನ್ನ ಫ್ರಾಕಿನ ಮೇಲೆ.
ಆಲೂಗಡ್ಡೆ ಸೂಪು ಇತ್ತು ಅವತ್ತು.
ಅಮ್ಮ ಹುರಿ ನೋಡಿದಳು, ನನ್ನ ಮುಖ ನೋಡಿದಳು,
ಸೌಟು ಹಿಡಿದು, ನನ್ನ ತುಟಿ ಅಲುಗಲೆಂದು ಕಾದಳು.
ನಾನು ಅಲುಗಿಸಲಿಲ್ಲ.
ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದೆ.